ಸಂಪಾದಕರ ಉತ್ತರ: ಅಮೆರಿಕದ ಹೆಣ್ಣುಮಕ್ಕಳ ಮಾತು ಸಿಂಧನೂರಿಗೆ ಯಾಕೆ?

ಮಾಸ್ತರರೇ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಹೋದ ಸಂಚಿಕೆಯಲ್ಲಿ ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಹೋರಾಟದ ಬಗ್ಗೆ ಹಾಕಿದ ಲೇಖನ ನಿಮಗೆ ಸಿಟ್ಟು ತರಿಸಿದೆ. ಪತ್ರ ಉದ್ದ ಇದೆ, ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ಅದರ ತಿರುಳನ್ನು ಹೇಳಿಬಿಡುತ್ತೇನೆ.

ನೀವು ಸಿಂಧನೂರು ಕಡೆಯವರು. ನಿವೃತ್ತಿ ಆದಮೇಲೆ ಒಕ್ಕಲುತನ ಮಾಡುತ್ತಿದ್ದೀರಿ. ಕಾಲುವೆ ನೀರಿಗೆ ಭತ್ತ, ಎರೆಹೊಲಕ್ಕೆ ಹತ್ತಿ. ಆ ಲೇಖನ ಗರ್ಭಪಾತ, ಬಣ್ಣಭೇದ, ಕೂಲಿ ಅನ್ನುವ ಮೂರು ಬೇರೆ ವಿಷಯಗಳನ್ನು ಸುಮ್ನೆ ಕಲಸಿದೆ ಅನ್ನುವುದು ನಿಮ್ಮ ದೂರು. ನಮ್ಮ ದೇಶದಲ್ಲಿ 1971ರಲ್ಲೇ ಗರ್ಭಪಾತಕ್ಕೆ ಕಾನೂನು ಒಪ್ಪಿದೆ, ಬಣ್ಣಭೇದ ನಮ್ಮಲ್ಲಿಲ್ಲ, ಇಲ್ಲದ ಜಗಳವನ್ನು ಊರಿಗೆ ಯಾಕೆ ತರುತ್ತೀರಿ ಅಂತ ಕೇಳಿದ್ದೀರಿ. ಹೆಣ್ಣಾಳಿನ ಕೆಲಸ ಹಗುರ, ಅದಕ್ಕೇ ಕೂಲಿ ಕಡಿಮೆ ಅಂದಿದ್ದೀರಿ. ನಿಮ್ಮ ಹಿರಿಸೊಸೆ ಎರಡನೇ ಹೆರಿಗೆ ಆದ ಕೂಡಲೇ ಆಪರೇಷನ್ ಮಾಡಿಸಿಕೊಂಡರು, ಯಾರೂ ಒತ್ತಾಯ ಮಾಡಲಿಲ್ಲ ಅಂತಲೂ ಬರೆದಿದ್ದೀರಿ. ಕೊನೆಗೆ ಒಂದು ಪ್ರಶ್ನೆ: 'ಹಾಗಾದರೆ ಗಂಡಸರು ಏನು ಮಾಡಬೇಕು ಅಂತೀರಿ?' ಅದಕ್ಕೆ ನೇರ ಉತ್ತರ ಇದೆ. ಕೊನೆಗೇ ಹೇಳುತ್ತೇನೆ.

ನೀವು ಹತ್ತಿ ಬೆಳೆಯುವವರು, ಹತ್ತಿ ಹೊಲದಿಂದಲೇ ಶುರು ಮಾಡೋಣ. ಫ್ಯಾನಿ ಲೂ ಹೇಮರ್ ಅಂತ ಒಬ್ಬರು ಇದ್ದರು. 1917ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಹುಟ್ಟಿದವರು. ಆರನೇ ವಯಸ್ಸಿಗೇ ಹತ್ತಿ ಬಿಡಿಸಲು ಹೊಲಕ್ಕೆ ಇಳಿದರು. ಜಮೀನು ಬಿಳಿಯರದು, ಇವರದು ಪಾಲಿನ ದುಡಿಮೆ. 1961ರಲ್ಲಿ ಗಡ್ಡೆ ತೆಗೆಸಲು ಆಸ್ಪತ್ರೆಗೆ ಹೋದರು. ಡಾಕ್ಟರು ಗರ್ಭಚೀಲವನ್ನೇ ತೆಗೆದರು. ಮೊದಲು ಕೇಳಲೂ ಇಲ್ಲ. ಆ ಕಡೆಯ ಕಪ್ಪು ಹೆಂಗಸರಿಗೆ ಇದು ಎಷ್ಟು ಮಾಮೂಲಾಗಿತ್ತು ಅಂದರೆ, ಅದಕ್ಕೆ 'ಮಿಸಿಸಿಪ್ಪಿ ಅಪೆಂಡಿಕ್ಸ್ ಆಪರೇಷನ್' ಅನ್ನುವ ಅಡ್ಡಹೆಸರೇ ಬಿದ್ದಿತ್ತು. ಮರುವರ್ಷ ಹೇಮರ್ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು. ಜಮೀನಿನ ಮಾಲೀಕ ಅವರನ್ನು ಮನೆಯಿಂದ ಹೊರಗೆ ಹಾಕಿದ.

ಇದರಲ್ಲಿ ಗರ್ಭದ ವಿಷಯ ಎಲ್ಲಿ ಮುಗಿಯಿತು, ಬಣ್ಣದ್ದು ಎಲ್ಲಿ ಶುರುವಾಯಿತು, ಕೂಲಿಯದು ಎಲ್ಲಿಂದ ಬಂತು? ನನಗಂತೂ ಗೆರೆ ಎಳೆಯಲು ಆಗುವುದಿಲ್ಲ. ಲೇಖನ ಬರೆದವರು ಕಲಸಿದ್ದಲ್ಲ, ಅವರ ಬದುಕಿನಲ್ಲೇ ಅದು ಕಲಸಿಕೊಂಡಿತ್ತು. (ಹೇಮರ್ 1969ರಲ್ಲಿ 40 ಎಕರೆಯಿಂದ ಸಹಕಾರಿ ಬೇಸಾಯ ಶುರು ಮಾಡಿದರು. ಬಡವರ ಮನೆಗಳಿಗೆ ಹಂದಿಮರಿ ಕೊಡುವ 'ಹಂದಿ ಬ್ಯಾಂಕ್' ಕೂಡ ನಡೆಸಿದರು. ನಮ್ಮ ಸ್ವಸಹಾಯ ಸಂಘದವರು ಕೇಳಬೇಕಾದ ಕತೆ ಅದು. ಮುಂದೊಮ್ಮೆ ಬರೆಯಿಸುತ್ತೇವೆ.)

1973ರಲ್ಲಿ ಅಲಬಾಮ ರಾಜ್ಯದಲ್ಲಿ 14 ಮತ್ತು 12 ವರ್ಷದ ಅಕ್ಕತಂಗಿಯರಿಗೆ ಮಕ್ಕಳಾಗದ ಆಪರೇಷನ್ ಮಾಡಿಬಿಟ್ಟರು. ಅವರ ತಾಯಿಗೆ ಓದು ಬರಹ ಇರಲಿಲ್ಲ. ಏನೋ ಇಂಜೆಕ್ಷನ್ ಕೊಡುತ್ತಾರೆ ಅಂದುಕೊಂಡು ಕಾಗದದ ಮೇಲೆ ಗೀಟು ಹಾಕಿದ್ದರು. ಕೇಸು ಕೋರ್ಟಿಗೆ ಹೋದಾಗ ಗೊತ್ತಾದದ್ದು ಇನ್ನೂ ದೊಡ್ಡದು. ಅಲ್ಲಿನ ಕೇಂದ್ರ ಸರ್ಕಾರದ ದುಡ್ಡಿನಲ್ಲಿ ವರ್ಷಕ್ಕೆ ಒಂದರಿಂದ ಒಂದೂವರೆ ಲಕ್ಷ ಬಡವರಿಗೆ ಇಂಥ ಆಪರೇಷನ್ ಆಗುತ್ತಿತ್ತು. ಓದು ಬಾರದ ತಾಯಿ, ಕಾಗದ, ಹೆಬ್ಬೆಟ್ಟು. ಈ ಚಿತ್ರ ನಮಗೆ ಹೊಸದೇನಲ್ಲ ಅಲ್ವಾ? 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸ್‌ಪುರ ಜಿಲ್ಲೆಯ ಒಂದು ಕ್ಯಾಂಪಿನಲ್ಲಿ ಕೆಲವೇ ತಾಸುಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. 13 ಮಂದಿ ಸತ್ತರು. ಎಲ್ಲರೂ ಬಡವರು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಹೇಳಬೇಕಾಯಿತು.

1994ರ ಜೂನ್‌ನಲ್ಲಿ ಶಿಕಾಗೋ ಊರಿನಲ್ಲಿ 12 ಮಂದಿ ಕಪ್ಪು ಹೆಣ್ಣುಮಕ್ಕಳು ಕೂತು ಮಾತಾಡಿದರು. ಲೊರೆಟ್ಟಾ ರಾಸ್ ಅವರಲ್ಲೊಬ್ಬರು. ಆಗ ಅಲ್ಲಿ ಗರ್ಭಪಾತದ ಹಕ್ಕು ಇತ್ತು. ಆದರೂ ಅದೊಂದೇ ಸಾಲದು ಅಂದರು. ಮಗು ಬೇಡ ಅನ್ನುವ ಹಕ್ಕು ಬೇಕು. ಬೇಕು ಅನ್ನುವ ಹಕ್ಕೂ ಬೇಕು. ಹುಟ್ಟಿದ ಮಗುವನ್ನು ಭಯವಿಲ್ಲದೆ ಬೆಳೆಸುವ ಹಾಗೂ ಇರಬೇಕು. ಯಾಕೆ ಹಾಗೆ ಅಂದರು? ಬಡವರ ಗರ್ಭಪಾತಕ್ಕೆ ಕೇಂದ್ರದ ದುಡ್ಡು ಕೊಡಬಾರದು ಅಂತ 1976ರಲ್ಲೇ ಅಲ್ಲಿನ ಸಂಸತ್ತು ನಿಯಮ ಮಾಡಿತ್ತು. ದುಡ್ಡಿದ್ದವರಿಗೆ ಹಕ್ಕು, ಇಲ್ಲದವರಿಗೆ ಬರೀ ಕಾಗದ. 2022ರ ಜೂನ್ 24ರಂದು ಅಲ್ಲಿನ ಸುಪ್ರೀಂ ಕೋರ್ಟು ಆ ಕಾಗದವನ್ನೂ ಹರಿಯಿತು.

ನಮ್ಮ ಕಾನೂನು ಅದಕ್ಕಿಂತ ಎಷ್ಟೋ ವಾಸಿ, ಒಪ್ಪುತ್ತೇನೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 2021ರ ತಿದ್ದುಪಡಿಯಿಂದ ಕೆಲವು ಸಂದರ್ಭಗಳಲ್ಲಿ ಇಬ್ಬರು ಡಾಕ್ಟರು ಒಪ್ಪಿದರೆ 24 ವಾರದವರೆಗೂ ಅವಕಾಶ ಇದೆ. ಮದುವೆಯಾಗದವರಿಗೂ ಇದು ಅನ್ವಯ ಅಂತ 2022ರ ಸೆಪ್ಟೆಂಬರ್ 29ರಂದು ನಮ್ಮ ಸುಪ್ರೀಂ ಕೋರ್ಟು ಹೇಳಿದೆ. 18 ತುಂಬಿದ ಹೆಂಗಸಿಗೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಬೇಡ, ಅತ್ತೆಯ ಸಹಿಯೂ ಬೇಡ. ಇದನ್ನು ದಯವಿಟ್ಟು ನಿಮ್ಮ ಓಣಿಯಲ್ಲಿ ನಾಲ್ಕು ಜನಕ್ಕೆ ಹೇಳಿ. ಸಹಿ ತಾ ಅಂತ ವಾಪಸ್ ಕಳಿಸುವುದು ಇನ್ನೂ ನಡೆದೇ ಇದೆ.

ಆದರೆ ನಿಮ್ಮ ಹೊಲಕ್ಕೆ ಬರುವ ಒಬ್ಬ ಹೆಣ್ಣಾಳಿನ ಲೆಕ್ಕ ಹಾಕಿ ನೋಡಿ. ತಾಲೂಕು ಆಸ್ಪತ್ರೆಗೆ ಒಂದು ದಿನ ಚೀಟಿ ಮಾಡಿಸಿ ತೋರಿಸಬೇಕು. ಸ್ಕ್ಯಾನಿಂಗ್‌ಗೆ ಇನ್ನೊಂದು ದಿನ. ಡಾಕ್ಟರು ರಜೆ ಇದ್ದರೆ ಮತ್ತೊಂದು ದಿನ. ಪ್ರತಿ ದಿನದ ಕೂಲಿ ಹೋಗುತ್ತದೆ. ಜೊತೆಗೆ ಬಂದವರದೂ ಹೋಗುತ್ತದೆ. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಸ್ ಚಾರ್ಜು ಉಳಿದಿದೆ, ಕೂಲಿ ಉಳಿದಿಲ್ಲ. ಅದಕ್ಕೇ ಅವಳು 'ನಾಟಿ ಮುಗಿಯಲಿ, ಹೋದರಾಯಿತು' ಅಂತಾಳೆ. ವಾರಗಳು ದಾಟುತ್ತವೆ. ಇಲ್ಲವೇ ಯಾರೋ ತಂದುಕೊಟ್ಟ ಮಾತ್ರೆ ನುಂಗಿ, ರಕ್ತ ನಿಲ್ಲದೆ ರಾತ್ರಿ ಆಟೋ ಹುಡುಕುತ್ತಾರೆ. ಇಲ್ಲಿ ಕಾನೂನು ತಡೆದಿಲ್ಲ. ತಡೆದದ್ದು ದಿನಗೂಲಿ. ನಾನು ಆ ಲೇಖನ ಹಾಕಿದ್ದು ಇದಕ್ಕೇ.

ಹೆರಿಗೆಯ ವಿಷಯಕ್ಕೆ ಬಂದರೆ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ನಿಮ್ಮ ಜೊತೆ ಕೆಲಸ ಮಾಡಿದ ಸರ್ಕಾರಿ ಶಾಲೆಯ ಟೀಚರಿಗೆ 180 ದಿನ ಹೆರಿಗೆ ರಜೆ, ಪೂರ್ತಿ ಸಂಬಳ. ಹೊಲದಲ್ಲಿ ದುಡಿಯುವ ಬಾಣಂತಿಗೆ ಸಂಬಳದ ರಜೆ ಅನ್ನುವುದೇ ಇಲ್ಲ. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಿಂದ ಕಂತಿನಲ್ಲಿ 5000 ರೂಪಾಯಿ ಬರುತ್ತದೆ, ಅದೂ ಕಾಗದಪತ್ರ ಸರಿ ಇದ್ದರೆ. ಎಷ್ಟು ದಿನ ಮನೆಯಲ್ಲಿ ಕೂರುತ್ತಾಳೆ ಹೇಳಿ? ಇದು ಅಮೆರಿಕದಿಂದ ತಂದ ಮಾತಲ್ಲ. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬ್ ಅಂಬೇಡ್ಕರ್ ಅದರ ಪರ ಮಾತಾಡಿದರು. ಹೆರಿಗೆಗೆ ಮೊದಲು, ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶಕ್ಕೇ ಒಳ್ಳೆಯದು ಅಂದರು. 1929ರಲ್ಲಿ ಅದು ಕಾಯ್ದೆ ಆಯಿತು, ಕಾರ್ಖಾನೆ ಹೆಂಗಸರಿಗೆ. ಹೊಲದ ಹೆಂಗಸಿನ ಸರದಿ ಇನ್ನೂ ಬಂದಿಲ್ಲ.

2024ರ ನವೆಂಬರನ್ನು ನಮ್ಮ ಕಡೆಯ ಯಾರೂ ಮರೆತಿರಲಿಕ್ಕಿಲ್ಲ. ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಒಟ್ಟು ಐವರು. ಡ್ರಿಪ್‌ನಲ್ಲಿ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಅದರ ಬಳಕೆ ನಿಲ್ಲಿಸಿತು, ತನಿಖೆ ಶುರುವಾಯಿತು. ಸರ್ಕಾರಿ ಆಸ್ಪತ್ರೆಯೇ ಗತಿ ಅಂತ ಬಂದ ಮನೆಯವರು ಅವರು. ಅಮೆರಿಕದ ಲೆಕ್ಕ ನೋಡಿ. 2023ರಲ್ಲಿ ಅಲ್ಲಿ ಒಂದು ಲಕ್ಷ ಹೆರಿಗೆಗೆ 14.5 ಬಿಳಿ ತಾಯಂದಿರು ಸತ್ತರೆ, ಕಪ್ಪು ತಾಯಂದಿರು 50.3. ಅಷ್ಟು ದುಡ್ಡಿರುವ ದೇಶದಲ್ಲೂ ಯಾರು ಸಾಯುತ್ತಾರೆ ಅನ್ನುವುದಕ್ಕೆ ಒಂದು ಜಾಡು ಇದೆ. ಆ ಜಾಡು ಹಿಡಿದವರ ಬರಹ ನಮಗೆ ಉಪಯೋಗಕ್ಕೆ ಬರುತ್ತದೆ. ಅಷ್ಟೇ ನನ್ನ ವಾದ.

ಇನ್ನು ಕೂಲಿ. ಹೆಣ್ಣಾಳಿನ ಕೆಲಸ ಹಗುರ ಅಂದಿರಿ. ಭತ್ತದ ಸಸಿ ಹಚ್ಚಲು ಬೆಳಗಿಂದ ಸಂಜೆವರೆಗೆ ಕೆಸರಿನಲ್ಲಿ ಬಗ್ಗಿ ನಿಲ್ಲಬೇಕು. ನೀವೂ ನಾನೂ ಅರ್ಧ ತಾಸು ನಿಲ್ಲಲಾರೆವು. ಕೊಪ್ಪಳ ಜಿಲ್ಲೆಯ ಬೀಜೋತ್ಪಾದನೆ ಹೊಲಗಳಲ್ಲಿ ಹತ್ತಿ ಕ್ರಾಸಿಂಗ್ ಮಾಡುವುದನ್ನು ನೋಡಿರಬಹುದು. ಸಂಜೆ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ಮುಟ್ಟಿಸಬೇಕು. ಉಗುರು ಸ್ವಲ್ಪ ಜಾಸ್ತಿ ತಾಗಿದರೆ ಮೊಗ್ಗೇ ಹಾಳು. ಇಂಥ ಕುಶಲದ ಕೆಲಸಕ್ಕೆ ಹೆಂಗಸರು, ಹುಡುಗಿಯರೇ ಬೇಕು. ಕೂಲಿ ಕೊಡುವಾಗ ಮಾತ್ರ ಅದು ಹಗುರ. ಹತ್ತಿ ಬಿಡಿಸುವಾಗ ಕೆಜಿ ಲೆಕ್ಕ ಇರುತ್ತದೆ, ಅಲ್ಲಿ ಗಂಡಿಗೂ ಹೆಣ್ಣಿಗೂ ದರ ಒಂದೇ. ಆದರೆ ಆ ಸಾಲಿನಲ್ಲಿ ಗಂಡಸರು ಎಷ್ಟು ಜನ ಇರುತ್ತಾರೆ? ಬೆಳೆಗೆ ಕೀಟನಾಶಕ ಹೊಡೆಯಲು, ಚೀಲ ಹೊರಲು ಹೋಗುತ್ತಾರೆ, ಯಾಕೆಂದರೆ ಅಲ್ಲಿ ದುಡ್ಡು ಜಾಸ್ತಿ. ಅಂದಮೇಲೆ ದರ ನಿಂತಿರುವುದು ಕೆಲಸದ ಭಾರದ ಮೇಲಲ್ಲ, ಯಾರು ಮಾಡುತ್ತಾರೆ ಅನ್ನುವುದರ ಮೇಲೆ.

ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದೆ, ಈಗ ವೇತನ ಸಂಹಿತೆಯೊಳಗೆ ಸೇರಿದೆ. ಹೊಲದಲ್ಲಿ ಅದನ್ನು ಕೇಳಿದವರು ಕಡಿಮೆ. 2006ರಲ್ಲಿ ಉದ್ಯೋಗ ಖಾತ್ರಿ ಮೊದಲ ಹಂತದಲ್ಲೇ ಶುರುವಾದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಇತ್ತು. ಕೆರೆ ಹೂಳೆತ್ತಲು ಹೋದ ಗಂಡ ಹೆಂಡತಿ ಇಬ್ಬರಿಗೂ ಒಂದೇ ಕೂಲಿ. ಆಗ 'ಆಳು ಸಿಗುತ್ತಿಲ್ಲ' ಅಂತ ದೊಡ್ಡ ಕೂಗೆದ್ದಿದ್ದು ನಿಮಗೂ ನೆನಪಿರಬೇಕು. ಸಿಗುತ್ತಿದ್ದರು, ಹಳೇ ದರಕ್ಕೆ ಬರುತ್ತಿರಲಿಲ್ಲ. ಒಕ್ಕಲುತನದ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಹತ್ತಿ ರೇಟು ಬಿದ್ದ ವರ್ಷ ನೀವೂ ಕೈ ಸುಟ್ಟುಕೊಳ್ಳುತ್ತೀರಿ. ಆದರೆ ನಷ್ಟವನ್ನು ಹೆಣ್ಣಾಳಿನ ಕೂಲಿಯಲ್ಲೇ ಹಿಡಿಯುವುದು ನ್ಯಾಯವಲ್ಲ.

ಆಶಾ ಕಾರ್ಯಕರ್ತೆಯರ ವಿಷಯವೂ ಇದೇ. ನಿಮ್ಮ ಹಿರಿಸೊಸೆಯ ಎರಡೂ ಹೆರಿಗೆಗೆ ತಾಯಿ ಕಾರ್ಡ್ ಹಿಡಿದು ಓಡಾಡಿದ್ದು ಒಬ್ಬ ಆಶಾ ಅಂತ ನೀವೇ ಬರೆದಿದ್ದೀರಿ. ಅವರಿಗೆ ಸಿಗುವುದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು.

ಬಣ್ಣಭೇದ ನಮ್ಮಲ್ಲಿಲ್ಲ ಅಂದಿರಿ. ಜಾತಿ ಮತ್ತು ಬಣ್ಣ ಒಂದೇ ಅಂತ ನಾನೂ ಹೇಳುವುದಿಲ್ಲ. ಆದರೆ 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ವಿದ್ವಾಂಸ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಲ್ಲಿನ ಕಪ್ಪು ಜನರ ಸ್ಥಿತಿಗೂ ತುಂಬಾ ಹೋಲಿಕೆ ಇದೆ ಅಂದಿದ್ದರು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ದೇವರಿಗೆ ಬಿಟ್ಟ ಹೆಣ್ಣುಮಕ್ಕಳು ಬಹುಪಾಲು ದಲಿತರ ಮನೆಯವರು. 1982ರಲ್ಲಿ ಕರ್ನಾಟಕ ಈ ದೇವದಾಸಿ ಪದ್ಧತಿಯನ್ನು ನಿಷೇಧಿಸಿತು. ಆಮೇಲೂ ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ತಡವರಿಸಿದರು. ಮಾಸ್ತರಿಕೆ ಮಾಡಿದ ನಿಮಗೆ ಇದನ್ನು ನಾನು ವಿವರಿಸಬೇಕಿಲ್ಲ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಈ ತೊಡಕನ್ನು ಕೈಗೆತ್ತಿಕೊಂಡಿದೆ. ಹುಟ್ಟಿದ ಮಗುವನ್ನು ಮರ್ಯಾದೆಯಿಂದ ಬೆಳೆಸುವ ಹಕ್ಕು ಅಂತ ಶಿಕಾಗೋದಲ್ಲಿ ಅವರು ಕೇಳಿದ್ದು ಇಂಥದ್ದನ್ನೇ.

ಈಗ ನಿಮ್ಮ ಸೊಸೆಯ ಮಾತು. ಅವರು ಖುಷಿಯಿಂದಲೇ ಆಪರೇಷನ್ ಮಾಡಿಸಿಕೊಂಡಿರಬಹುದು, ನಾನು ಅನುಮಾನ ಪಡುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ. ಆ ಹೊತ್ತಿಗೆ ನಿಮ್ಮ ಮಗನ ಆಪರೇಷನ್ ಮಾಡಿಸೋಣವಾ ಅಂತ ಮನೆಯಲ್ಲಿ ಯಾರಾದರೂ ಬಾಯಿ ಬಿಟ್ಟರಾ? 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರದು ಲೆಕ್ಕಕ್ಕೇ ಸಿಗುವುದಿಲ್ಲ.

ಗಂಡಸರು ಏನು ಮಾಡಬೇಕು ಅಂದಿರಲ್ಲ, ಅವರೂ ಈ ಆಪರೇಷನ್ ಮಾಡಿಸಿಕೊಳ್ಳಲಿ, ಇದೇ ನನ್ನ ಉತ್ತರ. ಹೆಂಗಸರಿಗೆ ಹೊಟ್ಟೆ ತೆರೆಯಬೇಕು. ಗಂಡಸರಿಗೆ ಅದು ಬೇಡ, ಹೊಲಿಗೆಯೂ ಬೇಡ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣ ತೂತು ಮಾಡಿ, ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ಅವತ್ತೇ ಮನೆಗೆ ಬರಬಹುದು. ಎರಡು ದಿನ ವಿಶ್ರಾಂತಿ, ಒಂದು ವಾರ ಭಾರ ಎತ್ತಬಾರದು. ಗಂಡಸುತನಕ್ಕಾಗಲಿ, ಹೊಲದ ದುಡಿಮೆಗಾಗಲಿ ಕುಂದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚಿಲ್ಲ, ಪ್ರೋತ್ಸಾಹಧನವೂ ಇದೆ. ಆದರೆ ಆಪರೇಷನ್ ಆದ ಕೂಡಲೇ ಫಲ ಇರುವುದಿಲ್ಲ. ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಕಿರಿಮಗನಿಗೆ ಮೊನ್ನೆ ಎರಡನೇ ಮಗು ಆಯಿತು ಅಂತ ಬರೆದಿದ್ದೀರಿ. ಈ ಪುಟವನ್ನು ಅವರ ಕೈಗೆ ಕೊಡಿ.

ನಿಮ್ಮ
ಸಂಪಾದಕಿ, ರಾಯಚೂರು