ಓದುಗರ ಪ್ರಶ್ನೆ: ಲಿಂಕ್ ಹಾಕಿದಾಗ ಮಾತ್ರ ಸೊರಗುವ ಬಲ ಚಾನೆಲ್

ಪ್ರಶ್ನೆ: ಎರಡು ಚಾನೆಲ್‌ಗಳ ಹಳೆಯ ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಕಂಪ್ರೆಸರ್, ಅಂದರೆ ಜೋರಾದ ಧ್ವನಿಯನ್ನು ತಾನಾಗಿ ತಗ್ಗಿಸುವ ಯಂತ್ರ, ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೇನೆ. ಬೈಪಾಸ್‌ನಲ್ಲಿ (ಕಂಪ್ರೆಷನ್ ಇಲ್ಲದೆ ಧ್ವನಿ ನೇರವಾಗಿ ಹಾಯುವಾಗ) ಎರಡೂ ಕಡೆ ಧ್ವನಿ ಸಮನಾಗಿದೆ. ಎರಡೂ ಚಾನೆಲ್ ಒಟ್ಟಿಗೇ ತಗ್ಗುವಂತೆ ಸ್ಟೀರಿಯೋ ಲಿಂಕ್ ಹಾಕಿ ಆರೇಳು ಡೆಸಿಬಲ್ ಕಂಪ್ರೆಸ್ ಮಾಡಿದರೆ ಬಲ ಚಾನೆಲ್ ಕುಗ್ಗಿ, ನಡುವೆ ಇರಬೇಕಾದ ಗಾಯಕಿಯ ಕಂಠ ಎಡಕ್ಕೆ ಸರಿಯುತ್ತದೆ. ಎರಡೂ ಮೀಟರ್‌ಗಳ ಮುಳ್ಳು ಮಾತ್ರ ಒಂದೇ ಅಂಕಿಯಲ್ಲಿ ನಿಂತಿರುತ್ತದೆ. ರಿಪೇರಿಯವರು ಕೆಪಾಸಿಟರ್‌ಗಳನ್ನೆಲ್ಲ ಬದಲಿಸೋಣ ಎನ್ನುತ್ತಿದ್ದಾರೆ. ಒಪ್ಪಲೇ?
— ಒಬ್ಬ ಓದುಗರು, ಮೈಸೂರು

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ದೋಷ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಕೆಪಾಸಿಟರ್‌ಗಳನ್ನೆಲ್ಲ ಕಿತ್ತುಹಾಕುವ ಚಾಳಿಯಿಂದ ಚೆನ್ನಾಗಿದ್ದ ಹಳೆಯ ಬೋರ್ಡ್‌ಗಳ ತಾಮ್ರದ ಪಟ್ಟಿಗಳು ಎದ್ದುಬಂದಿರುವುದನ್ನು ನಾನು ಸಾಕಷ್ಟು ಕಂಡಿದ್ದೇನೆ.

ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. 1967ರಲ್ಲಿ ಅಮೆರಿಕದ ಇಂಜಿನಿಯರ್ ಬಿಲ್ ಪಟ್ನಮ್ ಹೊರತಂದ 1176 ಕಂಪ್ರೆಸರ್‌ನ ಜಾಡಿನ ಯಂತ್ರಗಳಲ್ಲಿ ಎಫ್‌ಇಟಿಯು ವೋಲ್ಟೇಜಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್‌ನಂತೆ ವರ್ತಿಸಿ ಸಿಗ್ನಲ್‌ನ ಒಂದು ಪಾಲನ್ನು ಗ್ರೌಂಡಿಗೆ ಇಳಿಸುತ್ತದೆ, ಅದರ ಗೇಟಿಗೆ (ನಿಯಂತ್ರಣದ ಕಾಲಿಗೆ) ಬೇಕಾದ ವೋಲ್ಟೇಜ್ ಔಟ್‌ಪುಟ್ ಕಡೆಯಿಂದಲೇ ಹಿಂದಿರುಗಿ ಬರುತ್ತದೆ. ಲಿಂಕ್ ಇಲ್ಲದಿದ್ದಾಗ ಪ್ರತಿ ಚಾನೆಲ್ ತನ್ನ ಔಟ್‌ಪುಟ್ಟನ್ನು ತಾನೇ ನೋಡಿಕೊಂಡು ತಿದ್ದಿಕೊಳ್ಳುವುದರಿಂದ ಎರಡು ಎಫ್‌ಇಟಿಗಳ ಗುಣದಲ್ಲಿನ ವ್ಯತ್ಯಾಸ ಬಹುಮಟ್ಟಿಗೆ ಮರೆಯಾಗುತ್ತದೆ. ಲಿಂಕ್ ಹಾಕಿದೊಡನೆ ಎರಡೂ ಗೇಟುಗಳಿಗೆ ಒಂದೇ ವೋಲ್ಟೇಜ್ ಹೋಗಿ ಆ ವ್ಯತ್ಯಾಸ ಬಯಲಾಗುತ್ತದೆ. ಧ್ವನಿ ಎಷ್ಟು ತಗ್ಗಿದೆ ಎಂದು ತೋರಿಸುವ ಗೇನ್ ರಿಡಕ್ಷನ್ ಮೀಟರ್ ಅಳೆಯುವುದೂ ಬಹುತೇಕ ಈ ನಿಯಂತ್ರಣ ವೋಲ್ಟೇಜನ್ನೇ. ಅದಕ್ಕೇ ಕಿವಿ ಒಂದು ಹೇಳಿದರೆ ಮುಳ್ಳು ಇನ್ನೊಂದು ಹೇಳುತ್ತಿದೆ.

ಇದನ್ನು ಖಚಿತಪಡಿಸಿಕೊಳ್ಳಲು 400 ಹರ್ಟ್ಸ್‌ನ ಸೈನ್ ಟೋನನ್ನು ಎರಡೂ ಇನ್‌ಪುಟ್‌ಗಳಿಗೆ ಒಟ್ಟಿಗೆ ಕೊಟ್ಟು, ಔಟ್‌ಪುಟ್‌ಗಳನ್ನು ಎಸಿ ವೋಲ್ಟ್‌ನಲ್ಲಿ ಅಳೆಯಿರಿ. ಸ್ಟುಡಿಯೋ ಯಂತ್ರಗಳ ರೂಢಿಯ ಮಟ್ಟವಾದ +4 ಡಿಬಿಯು ಎಂದರೆ 1.23 ವೋಲ್ಟ್. (1 ಕಿಲೋಹರ್ಟ್ಸ್ ಬೇಡ, ಅಗ್ಗದ ಮಲ್ಟಿಮೀಟರ್‌ಗಳು ಅಲ್ಲಿ ತಪ್ಪು ತೋರಿಸಬಹುದು.) ಲಿಂಕ್ ತೆಗೆದು 6 ಡೆಸಿಬಲ್ ಕಂಪ್ರೆಷನ್‌ನಲ್ಲಿ ಎರಡೂ ಸಮನಾಗಿದ್ದು, ಲಿಂಕ್ ಹಾಕಿದಾಗ ಮಾತ್ರ ಬೇರೆಯಾದರೆ ದೋಷ ಎಫ್‌ಇಟಿ ಅಥವಾ ಅದರ ಬಯಾಸ್‌ನಲ್ಲಿದೆ (ಗೇಟಿಗೆ ಮೊದಲೇ ಹೊಂದಿಸಿಟ್ಟ ಸ್ಥಿರ ವೋಲ್ಟೇಜ್). ಲಿಂಕ್ ತೆಗೆದಾಗಲೂ ವ್ಯತ್ಯಾಸ ಉಳಿದರೆ ಇನ್‌ಪುಟ್ ಗುಂಡಿ, ರೇಶಿಯೋ ಬಟನ್‌ಗಳ ಮಸಿಹಿಡಿದ ಕಾಂಟ್ಯಾಕ್ಟ್ ಇತ್ಯಾದಿಗಳನ್ನು ನೋಡಬೇಕು. ಪವರ್ ತೆಗೆದು ಬಟನ್‌ಗಳನ್ನು ಇಪ್ಪತ್ತು ಮೂವತ್ತು ಸಲ ಒತ್ತಿಬಿಡುವುದರಿಂದಲೇ ಕೆಲವು ಸರಿಹೋಗುತ್ತವೆ.

ಮೊದಲು ಬಯಾಸ್. ಒಳಗೆ 230 ವೋಲ್ಟ್ ಇರುವುದರಿಂದ ಅನುಭವವಿಲ್ಲದಿದ್ದರೆ ಮುಚ್ಚಳ ತೆಗೆಯುವ ಕೆಲಸವನ್ನು ಬಲ್ಲವರಿಗೇ ಬಿಡಿ. ಕಂಪ್ರೆಷನ್ ಶುರುವಾಗದಷ್ಟು ಸಣ್ಣ ಸಿಗ್ನಲ್ ಕೊಟ್ಟು, ಬಯಾಸ್ ಹೊಂದಿಸುವ ಸಣ್ಣ ತಿರುಪಾದ ಕ್ಯೂ ಬಯಾಸ್ ಟ್ರಿಮ್ಮರನ್ನು ಔಟ್‌ಪುಟ್ ಗರಿಷ್ಠವಾಗುವ ಕಡೆಗೆ ಪೂರ್ತಿ ತಿರುಗಿಸಿ, ಅಲ್ಲಿಂದ 1 ಡೆಸಿಬಲ್ ಇಳಿಯುವ ತನಕ ಹಿಂದಕ್ಕೆ ತರುವುದು 1176ರಲ್ಲಿ ನಡೆದುಬಂದ ಕ್ರಮ. ನಿಮ್ಮ ಯಂತ್ರದ ಸರ್ವಿಸ್ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ಅನುಸರಿಸಿ. ಎರಡೂ ಚಾನೆಲ್‌ಗಳಿಗೆ ಇದನ್ನು ಮಾಡಿದ ಮೇಲೂ ಬಲಗಡೆ ಕುಗ್ಗುತ್ತಿದ್ದರೆ ಎಫ್‌ಇಟಿಗಳು ಜೋಡಿಯಲ್ಲ ಎಂದರ್ಥ. ಹಿಂದಿನ ಮಾಲೀಕರು ಯಾವಾಗಲೋ ಒಂದನ್ನೇ ಬದಲಿಸಿರಬಹುದು; ಆ ಕಾಲುಗಳ ಬೆಸುಗೆ ಮಾತ್ರ ಹೊಸದಾಗಿ ಹೊಳೆಯುತ್ತಿದೆಯೇ ಎಂದು ನೋಡಿ.

ಅಂಗಡಿಯಿಂದ ಅದೇ ನಂಬರಿನ ಎರಡು ತಂದರೆ ಸಾಲದು. 2ಎನ್5457 ಎಂಬ ಎಫ್‌ಇಟಿಯ ಪಿಂಚ್ ಆಫ್ ವೋಲ್ಟೇಜ್ (ಅದು ಪೂರ್ತಿ ಮುಚ್ಚಿಕೊಳ್ಳುವ ಗೇಟ್ ವೋಲ್ಟೇಜ್) ಡೇಟಾಶೀಟಿನ ಪ್ರಕಾರವೇ 0.5ರಿಂದ 6 ವೋಲ್ಟ್‌ವರೆಗೆ ಎಲ್ಲಿ ಬೇಕಾದರೂ ಇರಬಹುದು. ಹತ್ತಿಪ್ಪತ್ತು ತಂದು, 9 ವೋಲ್ಟ್ ಬ್ಯಾಟರಿಯ ಪ್ಲಸ್ಸನ್ನು ಎಫ್‌ಇಟಿಯ ಡ್ರೈನ್ ಕಾಲಿಗೂ ಮೈನಸ್ಸನ್ನು ಗೇಟಿಗೂ ಜೋಡಿಸಿ, ಡಿಸಿ ವೋಲ್ಟ್‌ನಲ್ಲಿಟ್ಟ ಡಿಜಿಟಲ್ ಮೀಟರನ್ನು ಮೂರನೆಯ ಕಾಲಾದ ಸೋರ್ಸ್ ಮತ್ತು ಮೈನಸ್ ನಡುವೆ ಹಿಡಿದರೆ ಪಿಂಚ್ ಆಫ್ ವೋಲ್ಟೇಜ್ ಸರಿಸುಮಾರಾಗಿ ಕಾಣುತ್ತದೆ. ಬೆರಳಿನ ಬಿಸಿಗೇ ಅಂಕಿ ಸರಿಯುವುದರಿಂದ ಕೈಬಿಟ್ಟು ಒಂದು ನಿಮಿಷ ಕಾದು ಓದಿ. 0.05 ವೋಲ್ಟ್ ಒಳಗೆ ಹೊಂದುವ ಎರಡನ್ನು ಆರಿಸಿ ಎರಡೂ ಚಾನೆಲ್‌ಗಳಿಗೆ ಹಾಕಿಸಿ, ಬಯಾಸನ್ನು ಮತ್ತೆ ಹೊಂದಿಸಿ, ಮೀಟರಿನ ಸೊನ್ನೆಯನ್ನು ಕೊನೆಗೆ ತಿದ್ದಿಸಿ. ನಂತರ 3, 6 ಮತ್ತು 10 ಡೆಸಿಬಲ್‌ಗಳಲ್ಲಿ ಅಳೆದಾಗ 10ರಲ್ಲಿ ಅರ್ಧ ಡೆಸಿಬಲ್ ವ್ಯತ್ಯಾಸ ಉಳಿದರೆ ಅದನ್ನು ಬೆನ್ನಟ್ಟಬೇಡಿ.

ಲಿಂಕ್ ತೆಗೆದಾಗ ಒಂದು ಚಾನೆಲ್ ಇನ್ನೊಂದಕ್ಕಿಂತ ಬೇಗ ಕಂಪ್ರೆಷನ್‌ನಿಂದ ಮೇಲೆದ್ದು ಮೊದಲಿನ ಮಟ್ಟಕ್ಕೆ ಬರುತ್ತಿದ್ದರೆ, ಆಗ ಟೈಮಿಂಗ್ ಕೆಪಾಸಿಟರ್ ಸೋರುತ್ತಿರುವ ಸಂಭವವಿದೆ. ಅದೊಂದನ್ನು ಬದಲಿಸಲು ರಿಪೇರಿಯವರಿಗೆ ಧಾರಾಳವಾಗಿ ಹೇಳಿ.