ಗಿಟಾರಿನ ಮರಕ್ಕೆ ಟ್ರಿಮ್ಮರ್ ಇಡುವ ಮುನ್ನ

ಪ್ರಶ್ನೆ: ನನ್ನ ಬಳಿ ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಇದೆ. ಬ್ರಿಡ್ಜ್ (ತಂತಿಗಳು ಆನಿಕೊಳ್ಳುವ ಕೆಳತುದಿ) ಬಳಿಯ ಸಿಂಗಲ್ ಕಾಯಿಲ್ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಒಂಟಿ ಸುರುಳಿಯ ಭಾಗ ತೆಗೆದು, ಎರಡು ಸುರುಳಿಯ ಅಗಲ ಪಿಕಪ್ಪಾದ ಹಂಬಕರ್ ಕೂಡಿಸಬೇಕೆಂಬ ಆಸೆ. ಆದರೆ ಮರದೊಳಗಿನ ಗುಂಡಿ ಅದಕ್ಕೆ ಸಾಲುವುದಿಲ್ಲ. ನಮ್ಮ ಕಾಕಾ ಬಡಿಗತನ ಮಾಡುತ್ತಾರೆ. ಸನ್‌ಮೈಕಾ ಅಂಚು ಸವರುವ ಅವರ ಟ್ರಿಮ್ಮರಿನಿಂದ ಮನೆಯಲ್ಲೇ ಈ ಕೆಲಸ ಮಾಡಬಹುದೇ?
– ಒಬ್ಬ ವಿದ್ಯಾರ್ಥಿ, ಸೇಡಂ ರಸ್ತೆ, ಕಲಬುರಗಿ

ಉತ್ತರ: ಧಾರಾಳವಾಗಿ ಮಾಡಬಹುದು. ನುರಿತ ಕೈಯ ಕಾಕಾ ಜೊತೆಗಿರುವುದು ನಿಮ್ಮ ಭಾಗ್ಯ. ಆದರೆ ಅವರ ಟ್ರಿಮ್ಮರಿನಲ್ಲಿ ಈಗಿರುವ ಬಿಟ್ (ತಿರುಗುತ್ತಾ ಮರ ಕೊರೆಯುವ ಅಲಗು) ಇದಕ್ಕೆ ನಡೆಯುವುದಿಲ್ಲ. ಸನ್‌ಮೈಕಾ ಬಿಟ್ಟಿಗೆ ಬೇರಿಂಗ್ ತುದಿಯಲ್ಲಿರುತ್ತದೆ. ನಿಮಗೆ ಬೇಕಾದದ್ದು ಅಲಗಿನ ಮೇಲ್ಗಡೆ ಬೇರಿಂಗ್ ಇರುವಂಥದ್ದು, ಏಕೆಂದರೆ ಮರದ ಮೇಲೆ ಅಂಟಿಸಿದ ಟೆಂಪ್ಲೇಟಿನ (ಗುಂಡಿಯ ಆಕಾರಕ್ಕೆ ಕತ್ತರಿಸಿದ ಅಚ್ಚಿನ) ಅಂಚಿಗೆ ಆನಿಕೊಂಡೇ ಅದು ಸಾಗಬೇಕು. ಟೆಂಪ್ಲೇಟಿಗೆ 12 ಮಿ.ಮೀ. ಪ್ಲೈವುಡ್ ಸಾಕು, ಅಲಗಿನ ಉದ್ದವೂ ಅದಕ್ಕಿಂತ ಹೆಚ್ಚಿರದಿರಲಿ. ಹೆಚ್ಚಿದ್ದರೆ ಮೊದಲ ಸುತ್ತಿನಲ್ಲೇ ಬೇರಿಂಗ್ ಟೆಂಪ್ಲೇಟಿನಿಂದ ಮೇಲೆದ್ದು, ಬಿಟ್ ದಿಕ್ಕು ತಪ್ಪುತ್ತದೆ.

ಟೆಂಪ್ಲೇಟನ್ನು ಗಿಟಾರಿನ ಅಂಚಿನಿಂದ ಅಳೆದು ಕೂಡಿಸಬೇಡಿ. ಎರಡೂ ಅಂಚಿನ ತಂತಿಗಳನ್ನು ಬಿಗಿದು, ಅವುಗಳ ನಡುವಿನ ಮಧ್ಯರೇಖೆಯನ್ನು ಮರದ ಮೇಲೆ ಅಂಟಿಸಿದ ಮಾಸ್ಕಿಂಗ್ ಟೇಪಿನ ಮೇಲೆ ಗುರುತಿಸಿಕೊಳ್ಳಿ. ಹಂಬಕರಿನ ಉದ್ದ ಸುಮಾರು 70, ಅಗಲ ಸುಮಾರು 38 ಮಿ.ಮೀ. ಇರುತ್ತದೆಯಾದರೂ, ಅದರ ಎರಡು ಬದಿಯ ಕಾಲುಗಳಿಗೆ ಇನ್ನಷ್ಟು ಉದ್ದವೂ ಆಳವೂ ಬೇಕಾಗುವುದರಿಂದ ನಿಮ್ಮ ಕೈಯಲ್ಲಿರುವ ಪಿಕಪ್ಪನ್ನೇ ಅಳೆಯಿರಿ. ಹಂಬಕರಿಗೆ ಕಿಂಡಿ ಇರುವ ಪಿಕ್‌ಗಾರ್ಡನ್ನು (ಗಿಟಾರಿನ ಮುಂಭಾಗ ಮುಚ್ಚುವ ತಟ್ಟೆಯನ್ನು) ಮೊದಲೇ ತಂದು, ಗುರುತು ಅದರೊಂದಿಗೆ ಕೂಡುತ್ತದೆಯೇ ಎಂದು ನೋಡಿಕೊಳ್ಳಿ.

ನಿಜವಾದ ಅಪಾಯ ಆಳದಲ್ಲಿದೆ. ಈ ಮಾದರಿಯ ಗಿಟಾರಿನ ದಪ್ಪ ಸುಮಾರು 44 ಮಿ.ಮೀ. ಅದರಲ್ಲಿ ಟ್ರೆಮೊಲೊ (ಸ್ವರ ಏರಿಳಿಸುವ ಹಿಡಿಕೆಯ ಬ್ರಿಡ್ಜ್) ಇದ್ದರೆ ಹಿಂಬದಿಯಲ್ಲಿ ಸ್ಪ್ರಿಂಗುಗಳ ಗುಂಡಿ ಸುಮಾರು 16 ಮಿ.ಮೀ. ತಿಂದಿರುತ್ತದೆ, ಅದೂ ಸರಿಯಾಗಿ ಪಿಕಪ್ಪಿನ ಬೆನ್ನ ಹಿಂದೆ. ಮುಂದಿನಿಂದ 19 ಮಿ.ಮೀ. ಕೊರೆದರೆ ನಡುವೆ ಉಳಿಯುವುದು ಕೇವಲ 9 ಮಿ.ಮೀ. ನಾನು ನನ್ನ ಮೊದಲ ಗಿಟಾರಿನಲ್ಲಿ ಕಾಲುಗಳಿಗೆ ತಗ್ಗು ಕೊರೆಯುವಾಗ ಡ್ರಿಲ್ ಬಿಟ್ಟಿಗೆ ಆಳದ ಗುರುತಾಗಿ ಟೇಪ್ ಸುತ್ತಲು ಮರೆತೆ; ಮುಂದಿನ ಗುಂಡಿಯೊಳಗೆ ಕಣ್ಣಿಟ್ಟರೆ ಹಿಂಬದಿಯ ಬೆಳಕು ಕಾಣುತ್ತಿತ್ತು. ಮರದ ಬೆಣೆ ಅಂಟಿಸಿ ತೂತು ಮುಚ್ಚಿದೆನಾದರೂ ಆ ಕಲೆ ಇಂದಿಗೂ ಉಳಿದಿದೆ.

ಆದ್ದರಿಂದ ಒಂದು ಸುತ್ತಿಗೆ 3 ಮಿ.ಮೀ.ಗಿಂತ ಹೆಚ್ಚು ತೆಗೆಯದೆ, ಮೊದಲು ಹಳೆಯ ಮರದ ತುಂಡಿನ ಮೇಲೆ ಇಡೀ ಕೆಲಸವನ್ನು ಮಾಡಿ ನೋಡಿ. ಈ ಗಿಟಾರುಗಳ ಮೇಲಿನ ಪಾಲಿಯೆಸ್ಟರ್ ಲೇಪ ಗಾಜಿನಂತೆ ಚಕ್ಕೆ ಏಳುವುದರಿಂದ ಗೆರೆಯ ಮೇಲೆ ಚೂಪಾದ ಚಾಕುವಿನಿಂದ ಮೊದಲೇ ಗೀರಿರಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಮತ್ತು ಕನ್ನಡಕವಿಲ್ಲದೆ ಶುರು ಮಾಡಲೇಬೇಡಿ. ಕೊರೆದ ಹಸಿ ಮರವನ್ನು ಹಾಗೆಯೇ ಬಿಡದೆ ಒಂದು ಕೈ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಹಚ್ಚಿ; 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಿಂದ ಮಳೆಗಾಲದ ತೇವಕ್ಕೆ ಹೊರಳುವಾಗ ಬರಿ ಮರ ನೀರಿನಂಶ ಹೀರುತ್ತದೆ.

ಕುತ್ತಿಗೆ ಕೂರುವ ಜಾಗವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಕೊರೆದು ಮುಗಿಯಿತೆನಿಸಿದಾಗ, ಟೆಂಪ್ಲೇಟ್ ಕೀಳುವ ಮೊದಲೇ ಹಂಬಕರನ್ನು ಒಳಗಿಟ್ಟು ನೋಡಿ. ಒಮ್ಮೆ ಕಿತ್ತ ಟೆಂಪ್ಲೇಟನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಜಾಗಕ್ಕೆ ಮತ್ತೆ ಕೂಡಿಸುವುದು ಕಾಕಾ ಅವರಿಗೂ ಕಷ್ಟವಾಗುತ್ತದೆ.