ಓದುಗರ ಪ್ರಶ್ನೆ: ಡಿಸ್ಕಸ್ ಮೀನಿಗಿಂತ ಮೊದಲು ಅದರ ನೀರು

ಪ್ರಶ್ನೆ: ನಾವು ವೈಟ್‌ಫೀಲ್ಡ್ ಬಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿದ್ದೇವೆ. ಎರಡು ಅಡಿಯ ತೊಟ್ಟಿಯಲ್ಲಿ ಗಪ್ಪಿ, ಮೋಲಿ ಸಾಕಿ ಅಭ್ಯಾಸವಿದೆ. ಈಗ ಡಿಸ್ಕಸ್ ಸಾಕುವ ಆಸೆಯಾಗಿದೆ. ಇರುವ ತೊಟ್ಟಿಯಲ್ಲೇ ಒಂದು ಜೋಡಿ ಬಿಡಬಹುದು ಎಂದು ಅಂಗಡಿಯವರು ಹೇಳುತ್ತಾರೆ. ನಮ್ಮ ಊರಿನ ನೀರಿನಲ್ಲಿ ಡಿಸ್ಕಸ್ ಉಳಿಯುವುದೇ ಇಲ್ಲ ಎಂದು ಪರಿಚಯದವರು ಹೆದರಿಸುತ್ತಾರೆ. ಯಾರ ಮಾತು ಸರಿ?
– ಓದುಗರು, ಬೆಂಗಳೂರು

ಉತ್ತರ: ಇಬ್ಬರ ಮಾತೂ ಸರಿಯಲ್ಲ. ಡಿಸ್ಕಸ್ ಅಮೆಜಾನ್ ನದಿ ವ್ಯವಸ್ಥೆಯ ಮೀನು. ಅಲ್ಲಿನ ರಿಯೊ ನೀಗ್ರೊದಂಥ ನದಿಗಳ ನೀರು ಬೆಚ್ಚಗೆ, ಬಹಳ ಮೆದುವಾಗಿ (ಅಂದರೆ ಲವಣ ಕಡಿಮೆಯಾಗಿ), ಆಮ್ಲೀಯವಾಗಿರುತ್ತದೆ ಎಂಬುದು ನಿಜ. ಆದರೆ ನಿಮ್ಮ ಅಂಗಡಿಯಲ್ಲಿ ಕಾಣುವ ಕೆಂಪು, ನೀಲಿ, ಹಳದಿ ಬಣ್ಣದ ಮೀನುಗಳು ನದಿಯಿಂದ ಹಿಡಿದು ತಂದವಲ್ಲ. ಅವು ಎಷ್ಟೋ ತಲೆಮಾರುಗಳಿಂದ ತೊಟ್ಟಿಗಳಲ್ಲೇ ಹುಟ್ಟಿ ಬೆಳೆದ ತಳಿಗಳು. ಇಂಥ ಮೀನು ಸಾಧಾರಣ ಗಡಸು ನೀರಿಗೂ, 7.5ರ ಆಸುಪಾಸಿನ ಪಿಎಚ್‌ಗೂ ಹೊಂದಿಕೊಳ್ಳುತ್ತದೆ. ಮರಿ ಮಾಡಿಸುವ ಉದ್ದೇಶವಿದ್ದರೆ ಮಾತ್ರ ಮೆದು ನೀರು ಅನಿವಾರ್ಯವಾಗುತ್ತದೆ. ಡಿಸ್ಕಸ್‌ಗೆ ನಿಜವಾಗಿ ಆಗದಿರುವುದು ದಿನಕ್ಕೊಂದು ಬಗೆಯಾಗಿ ಬದಲಾಗುವ ನೀರು, ಮತ್ತು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ತೊಂದರೆ ಇರುವುದೇ ಅಲ್ಲಿ. ಒಂದೇ ಸಂಪಿಗೆ ಒಂದು ದಿನ ಕಾವೇರಿ ನೀರು, ಮರುದಿನ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬೀಳುತ್ತದೆ. ನಲ್ಲಿಯ ನೀರನ್ನು ನೇರವಾಗಿ ತೊಟ್ಟಿಗೆ ಸುರಿಯುವವರ ಮೀನುಗಳು ಕಾರಣ ತಿಳಿಯದೆ ಕಪ್ಪಗಾಗಿ ಮೂಲೆ ಸೇರುವುದು ಹೆಚ್ಚಾಗಿ ಇದರಿಂದಲೇ.

ಆದ್ದರಿಂದ ಮೊದಲು ಒಂದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಮೀಟರ್, ಪಿಎಚ್ ಮತ್ತು ಅಮೋನಿಯಾ ಅಳೆಯುವ ಹನಿ ದ್ರಾವಣದ ಕಿಟ್, ನೂರು ಲೀಟರ್ ಹಿಡಿಯುವ ಮುಚ್ಚಳವಿರುವ ಡ್ರಮ್ ಕೊಂಡುಕೊಳ್ಳಿ. ಕೆಲವು ವಾರ ನಲ್ಲಿಯ ನೀರನ್ನು ಅಳೆದು ಬರೆದಿಡಿ. ಬೋರ್‌ವೆಲ್ ನೀರನ್ನು ಹಿಡಿದ ಕೂಡಲೇ ಅಳೆದರೆ ಪಿಎಚ್ ಕಡಿಮೆ ಕಾಣುವುದುಂಟು. ಅದೇ ನೀರನ್ನು ಡ್ರಮ್‌ನಲ್ಲಿಟ್ಟು ರಾತ್ರಿಯಿಡೀ ಏರ್ ಸ್ಟೋನ್ ಮೂಲಕ ಗಾಳಿಯ ಗುಳ್ಳೆ ಹಾಯಿಸಿದರೆ, ಅದರಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬೆಳಗಾಗುವಷ್ಟರಲ್ಲಿ ಅಂಕಿ ಮೇಲೇರಿರುತ್ತದೆ. ತೊಟ್ಟಿಗೆ ಸಲ್ಲಬೇಕಾದದ್ದು ಬೆಳಗಿನ ಈ ನೀರು. ಕ್ಲೋರಿನ್ ಇದ್ದರೆ ಸೋಡಿಯಂ ಥಿಯೋಸಲ್ಫೇಟ್ ಬಳಸಿ. ಅಂಗಡಿಗಳಲ್ಲಿ ಅದು ಆಂಟಿ ಕ್ಲೋರಿನ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಟಿಡಿಎಸ್ ತೀರಾ ಹೆಚ್ಚಿದ್ದರೆ ಆರ್‌ಒ ಯಂತ್ರದ ಶುದ್ಧ ನೀರನ್ನು ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಬೆರೆಸಿ. ಯಂತ್ರ ಹೊರಹಾಕುವ ವ್ಯರ್ಥ ನೀರಿನಲ್ಲಿ ಲವಣಗಳು ಇನ್ನೂ ಸಾಂದ್ರವಾಗಿರುವುದರಿಂದ ಅದನ್ನು ಬಳಸಬೇಡಿ. ಪಿಎಚ್ ಇಳಿಸುವ ಬಾಟಲಿ ದ್ರಾವಣಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಗಡಸು ನೀರಿನಲ್ಲಿ ಅವು ಇಳಿಸಿದ ಪಿಎಚ್ ಮತ್ತೆ ಮೇಲೇರುತ್ತದೆ; ಮೀನು ಆ ಏರಿಳಿತ ಎರಡನ್ನೂ ಅನುಭವಿಸಬೇಕಾಗುತ್ತದೆ.

ಎರಡು ಅಡಿಯ ತೊಟ್ಟಿ ಸಾಲದು. ಡಿಸ್ಕಸ್ ಗುಂಪಿನಲ್ಲಿರುವ ಮೀನು. ಎರಡನ್ನೇ ಬಿಟ್ಟರೆ ಬಲವಾದದ್ದು ಇನ್ನೊಂದನ್ನು ಮೇವಿನ ಹತ್ತಿರ ಸುಳಿಯಗೊಡುವುದಿಲ್ಲ. ಐದಾರು ಇದ್ದರೆ ಈ ದಬ್ಬಾಳಿಕೆ ಹಂಚಿಹೋಗುತ್ತದೆ. ಬೆಳೆದ ಒಂದು ಮೀನಿಗೆ ಸುಮಾರು 40 ಲೀಟರ್ ಎಂದು ಲೆಕ್ಕ ಹಾಕಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿ ಸುಮಾರು 250 ಲೀಟರ್ ಹಿಡಿಯುತ್ತದೆ, ಆರು ಮೀನುಗಳಿಗೆ ಅದು ಸಾಕು. ನೀರೊಂದೇ ಕಾಲು ಟನ್ ತೂಗುವುದರಿಂದ ಸ್ಟ್ಯಾಂಡ್ ಮಾಡಿಸುವಾಗ ಜಿಪುಣತನ ಬೇಡ. ಮೊದಲ ಸಲ ಸಾಕುವವರು ತಳಕ್ಕೆ ಜಲ್ಲಿ, ಮರಳು ಹಾಕದಿರುವುದೇ ಲೇಸು. ಬರಿಯ ಗಾಜಿನ ತಳದಲ್ಲಿ ತಿನ್ನದೆ ಉಳಿದ ಮೇವೂ ಮೀನಿನ ಹಿಕ್ಕೆಯೂ ಕಣ್ಣಿಗೆ ಬೀಳುತ್ತವೆ, ಪೈಪಿನಿಂದ ಎಳೆದು ತೆಗೆಯುವುದೂ ಸುಲಭ. ಹಿಂಬದಿಗೆ ತಿಳಿ ಬಣ್ಣದ ಹಾಳೆ ಅಂಟಿಸಿ. ಕಪ್ಪು ಹಿನ್ನೆಲೆಯಲ್ಲಿ ಪಿಜನ್ ಬ್ಲಡ್ ತಳಿಯ ಮೀನುಗಳ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕರಿ ಚುಕ್ಕೆಗಳು ಎದ್ದು ಕಾಣುತ್ತವೆ. ಅದನ್ನು ರೋಗವೆಂದು ತಿಳಿದು ಔಷಧಿ ಹಾಕಿದವರಿದ್ದಾರೆ.

ನೀರಿನ ಉಷ್ಣತೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಿಗೆ ಹೀಟರ್ ಇಲ್ಲದೆ ಆಗದು. 300 ವಾಟ್‌ನ ಒಂದರ ಬದಲು 150 ವಾಟ್‌ನ ಎರಡನ್ನು ಹಾಕಿದರೆ, ಒಂದು ಕೆಟ್ಟು ನಿಂತರೂ ತೊಟ್ಟಿ ಪೂರ್ತಿ ತಣಿಯುವುದಿಲ್ಲ, ಉರಿಯುತ್ತಲೇ ಉಳಿದರೂ ಮೀನು ಬೇಯುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವ ಕಾರಣ ಏರ್ ಪಂಪ್ ಹಗಲಿರುಳು ಓಡುತ್ತಿರಬೇಕು. ವಿದ್ಯುತ್ ಕಡಿತಕ್ಕೆ ಬ್ಯಾಟರಿಯ ಪಂಪ್ ಒಂದಿರಲಿ.

ಇಷ್ಟೆಲ್ಲ ಜೋಡಿಸಿದ ಮೇಲೂ ಮೀನು ತರುವ ಕಾಲ ಬಂದಿರುವುದಿಲ್ಲ. ಮೀನಿನ ತ್ಯಾಜ್ಯದಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಆ ನೈಟ್ರೈಟ್ ಅನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರ್‌ನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಖಾಲಿ ತೊಟ್ಟಿಗೆ ದಿನವೂ ಚಿಟಿಕೆ ಮೇವು ಹಾಕಿ ಕೊಳೆಯಲು ಬಿಟ್ಟು, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿಯುವುದನ್ನು ಕಾಯಬೇಕು. ನಿಮ್ಮ ಗಪ್ಪಿ ತೊಟ್ಟಿ ರೋಗವಿಲ್ಲದೆ ನಡೆಯುತ್ತಿದ್ದರೆ, ಅದರ ಹಳೆಯ ಸ್ಪಂಜ್ ಫಿಲ್ಟರ್ ಅನ್ನು ಇಲ್ಲಿಗೆ ತಂದಿಟ್ಟು ಈ ಕಾಲವನ್ನು ಸಾಕಷ್ಟು ಕಡಿಮೆ ಮಾಡಿಕೊಳ್ಳಬಹುದು.

ಕೊಳ್ಳುವಾಗ ಎರಡೂವರೆ ಅಂಗುಲದ ಅಗ್ಗದ ಮರಿಗಳಿಗೆ ಮನಸೋಲಬೇಡಿ. ಅವುಗಳಿಗೆ ದಿನಕ್ಕೆ ನಾಲ್ಕೈದು ಸಲ ಮೇವು ಹಾಕಿ ಪ್ರತಿದಿನ ನೀರು ಬದಲಿಸಬೇಕು. ಕೆಲಸಕ್ಕೆ ಹೋಗುವವರಿಂದ ಅದು ಆಗುವುದಿಲ್ಲ. ನಾಲ್ಕು ಅಂಗುಲ ದಾಟಿದವನ್ನು, ಎಲ್ಲವನ್ನೂ ಒಂದೇ ಕಡೆಯಿಂದ, ಒಂದೇ ಸಲ ತನ್ನಿ. ನಿಮ್ಮೆದುರಿಗೇ ಮೇವು ಹಾಕಲು ಅಂಗಡಿಯವರನ್ನು ಕೇಳಿ. ಮುಂದೆ ಬಂದು ತಿನ್ನುವ ಮೀನನ್ನಷ್ಟೇ ಆರಿಸಿ. ಚಿಕ್ಕ ಮೈಗೆ ದೊಡ್ಡ ಕಣ್ಣಿದ್ದರೆ ಅದು ಬೆಳವಣಿಗೆ ಕುಂಠಿತಗೊಂಡ ಮೀನು, ಎಷ್ಟು ಸಾಕಿದರೂ ತಟ್ಟೆಯಗಲ ಆಗುವುದಿಲ್ಲ. ತಂದ ಮೇಲೆ ವಾರಕ್ಕೆ ಎರಡು ಮೂರು ಸಲ ಮೂರನೇ ಒಂದು ಭಾಗ ನೀರನ್ನು ಡ್ರಮ್ಮಿನ ನೀರಿನಿಂದ, ಅದನ್ನು ತೊಟ್ಟಿಯಷ್ಟೇ ಬೆಚ್ಚಗೆ ಮಾಡಿ, ಬದಲಿಸಿ. ಮೇವಿಗೆ ಒಳ್ಳೆಯ ಡಿಸ್ಕಸ್ ಗುಳಿಗೆಗಳ ಜೊತೆಗೆ ಫ್ರೀಜ್ ಮಾಡಿದ ಬ್ಲಡ್‌ವರ್ಮ್ ಸಾಕು. ದನದ ಹೃದಯವನ್ನು ಅರೆದು ತಿನ್ನಿಸುವ ರೂಢಿ ಅನೇಕರಲ್ಲಿದೆ. ಮನೆಯ ಫ್ರಿಜ್ಜಿನಲ್ಲಿ ಅದಕ್ಕೆ ಜಾಗವಿಲ್ಲದವರು ಸಿಗಡಿಯನ್ನು ಅರೆದು ಕೊಟ್ಟರೂ ಮೀನು ಚೆನ್ನಾಗಿಯೇ ಬೆಳೆಯುತ್ತದೆ. ಕೊಳಚೆಯಲ್ಲಿ ಬೆಳೆಯುವ ಜೀವಂತ ಟ್ಯೂಬಿಫೆಕ್ಸ್ ಹುಳು ಮಾತ್ರ ಖಂಡಿತ ಬೇಡ.

ಪ್ರಶ್ನೆ: ನಮ್ಮ ಬಾವಿಯ ನೀರು ಅಳೆದಾಗ ಟಿಡಿಎಸ್ 40, ಪಿಎಚ್ 6 ಬಂತು. ಡಿಸ್ಕಸ್‌ಗೆ ಇದಕ್ಕಿಂತ ಒಳ್ಳೆಯ ನೀರು ಬೇಕೆ?
– ಓದುಗರು, ಉಡುಪಿ

ಉತ್ತರ: ಬೆಂಗಳೂರಿನವರು ಹಣ ಕೊಟ್ಟು ಮಾಡಿಕೊಳ್ಳುವ ನೀರು ನಿಮಗೆ ಕೊಡದಲ್ಲೇ ಸಿಗುತ್ತಿದೆ. ಆದರೆ ಇಷ್ಟು ಮೆದು ನೀರಿಗೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ನೀರು ಬದಲಿಸುವುದನ್ನು ಒಂದೆರಡು ವಾರ ಮರೆತರೆ ಪಿಎಚ್ ದಿಢೀರನೆ ಕುಸಿಯಬಹುದು, ಮತ್ತು 6ಕ್ಕಿಂತ ಕೆಳಗೆ ಫಿಲ್ಟರ್‌ನ ಬ್ಯಾಕ್ಟೀರಿಯಾಗಳು ಮಂದವಾಗುತ್ತವೆ. ಫಿಲ್ಟರ್‌ನೊಳಗೆ ಬಲೆಯ ಚೀಲದಲ್ಲಿ ಈ ಕುಸಿತ ತಡೆಯಲು ಒಂದು ಹಿಡಿ ಕೋರಲ್ (ಹವಳ) ಚೂರು ಇಟ್ಟು, ವಾರಕ್ಕೊಮ್ಮೆ ಪಿಎಚ್ ನೋಡುತ್ತಿರಿ.

ಪ್ರಶ್ನೆ: ಡಿಸ್ಕಸ್ ಜೊತೆ ಏಂಜೆಲ್, ಗೋಲ್ಡ್ ಫಿಶ್ ಬಿಡಬಹುದೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ. ಗೋಲ್ಡ್ ಫಿಶ್ ತಂಪು ನೀರಿನ ಮೀನು. ಏಂಜೆಲ್ ಮೇವಿನಲ್ಲಿ ಡಿಸ್ಕಸ್ ಅನ್ನು ಹಿಂದೆ ಹಾಕುತ್ತದೆ, ತನಗೆ ತೊಂದರೆ ಕೊಡದ ಪರಾವಲಂಬಿಗಳನ್ನು ಅದಕ್ಕೆ ದಾಟಿಸಲೂಬಹುದು. ಕಾರ್ಡಿನಲ್ ಟೆಟ್ರಾಗಳ ಗುಂಪು ಹೊಂದುತ್ತದೆ. ಗಾಜು ಶುಚಿ ಮಾಡುತ್ತದೆಂದು ಸಕ್ಕರ್ ಮೀನು ಬಿಟ್ಟರೆ, ರಾತ್ರಿ ಅದು ಡಿಸ್ಕಸ್‌ನ ಮೈಗೇ ಅಂಟಿಕೊಂಡು ಲೋಳೆ ಹೀರುವುದುಂಟು.

ಪ್ರಶ್ನೆ: ಕಳೆದ ತಿಂಗಳು ತಂದ ಆರರಲ್ಲಿ ಒಂದು ಡಿಸ್ಕಸ್ ಕಪ್ಪಗಾಗಿ ಮೂಲೆಯಲ್ಲಿ ನಿಂತಿದೆ, ಮೇವು ಮುಟ್ಟುವುದಿಲ್ಲ. ಯಾವ ಔಷಧಿ ಹಾಕಲಿ?
– ಓದುಗರು, ಮೈಸೂರು

ಉತ್ತರ: ಔಷಧಿಗೆ ಮೊದಲು ಅಮೋನಿಯಾ, ನೈಟ್ರೈಟ್, ಉಷ್ಣತೆ ನೋಡಿ, ಮೂರನೇ ಒಂದು ಭಾಗ ನೀರು ಬದಲಿಸಿ. ಬಳಿಕ ಅರ್ಧ ಗಂಟೆ ತೊಟ್ಟಿಯ ಮುಂದೆ ಕುಳಿತು, ಬೇರೆ ಮೀನು ಅದನ್ನು ಅಟ್ಟುತ್ತಿದೆಯೇ ಗಮನಿಸಿ. ಅಟ್ಟುತ್ತಿದ್ದರೆ ಅಟ್ಟುವ ಮೀನನ್ನೇ ಕೆಲ ದಿನ ಬೇರೆಡೆ ಇಡಿ. ಹಿಕ್ಕೆ ಬಿಳಿ ದಾರದಂತೆ ಜೋತಾಡುತ್ತಿದ್ದರೆ ಕರುಳಿನ ಪರಾವಲಂಬಿಯ ಶಂಕೆ ಇದೆ. ಅದಕ್ಕೆ ಸಾಮಾನ್ಯವಾಗಿ ಮೆಟ್ರೊನಿಡಜೋಲ್ ಕೊಡುತ್ತಾರೆ, ಆದರೆ ಪ್ರಮಾಣವನ್ನು ಮೀನಿನ ರೋಗಗಳನ್ನು ಬಲ್ಲ ಪಶುವೈದ್ಯರಿಂದ ಕೇಳಿಯೇ ನಿರ್ಧರಿಸಿ. ಚಿಕಿತ್ಸೆ ಬೇರೆ ಚಿಕ್ಕ ತೊಟ್ಟಿಯಲ್ಲಿ ನಡೆಯಲಿ. ದೊಡ್ಡ ತೊಟ್ಟಿಯ ಬಲೆ, ಪೈಪುಗಳನ್ನು ಅದಕ್ಕೆ ಬಳಸಬೇಡಿ.